ಹೆಸರಿಗೆ ಮೊದಲು ಒಂದಕ್ಷರದ ಜಾಗ

ನಾನು ಕುಷ್ಟಗಿಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಪ್ರೂಫ್ ನೋಡುತ್ತೇನೆ. ಬೇರೆಯವರು ಜೋಡಿಸಿದ ಅಕ್ಷರಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪನ್ನು ಒಪ್ಪಿಕೊಳ್ಳದವರೊಡನೆ ಜಗಳವಾಡುವುದು ನನ್ನ ಸ್ವಭಾವ. ಕಳೆದ ಮದುವೆ ಹಂಗಾಮಿನಲ್ಲಿ, ಹನ್ನೆರಡು ದಿನದ ಕೆಲಸವೊಂದರಲ್ಲಿ, ಒಂದೇ ಅಕ್ಷರದ ಮೇಲೆ ನಡೆದ ಜಗಳವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರ ಬಗ್ಗೆ ಊರಿನಲ್ಲಿ ಆಗಲೇ ಎರಡು ಮೂರು ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ನಾನು ಗಿರಾಕಿಯ ಮೇಲೆ ಮಸಿ ಚೆಲ್ಲಿದ್ದೇನೆ. ಇನ್ನೊಂದರಲ್ಲಿ ಗಿರಾಕಿ ನನ್ನ ಕಾಲಿಗೆ ಬಿದ್ದಿದ್ದಾನೆ. ಎರಡೂ ನಡೆದಿಲ್ಲ.

ಮೊದಲ ದಿನ ಬಂದವರು ಇಬ್ಬರು: ವಧು ಮತ್ತು ಅವಳ ಕಾಕಾ, ಎಂದರೆ ತಂದೆಯ ತಮ್ಮ. ಅವರ ಊರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನದು. ಹುಡುಗಿ ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರಿನ ಕೆಲಸಕ್ಕಿದ್ದಳು. ವರನ ಮನೆಯವರು ಗಂಗಾವತಿಯ ಭತ್ತದ ಸೀಮೆಯವರು, ಅನುಕೂಲಸ್ಥರು. ಪತ್ರಿಕೆ, ಅದರ ಲಕೋಟೆ, ಅರಿಷಿಣದ ಕಾರ್ಯಕ್ಕೆ ಬೇರೊಂದು ಸಣ್ಣ ಕಾರ್ಡು, ತಾಂಬೂಲದ ಚೀಲ, ಗಾಡಿಗಳ ಗಾಜಿಗೆ ಅಂಟಿಸುವ ಹೆಸರಿನ ಹಾಳೆ, ಈ ಐದೂ ಒಂದೇ ಬಣ್ಣದಲ್ಲಿ, ಒಂದೇ ಚಿತ್ರದಲ್ಲಿ ಇರಬೇಕೆಂದು ಅವರು ಹೇಳಿ ಕಳಿಸಿದ್ದರು.

ಕಾಕಾ ಮಾದರಿಯ ಪುಸ್ತಕಗಳನ್ನು ತಿರುವಿ ಹಾಕಿ, ಬಾಗಿಲಿನಂತೆ ಎರಡು ಕಡೆ ತೆರೆದುಕೊಳ್ಳುವ, ಚಿನ್ನದ ಪಲ್ಲಕ್ಕಿಯಿರುವ ಮಖಮಲ್ಲಿನ ಕಾರ್ಡನ್ನು ಎತ್ತಿ ಹಿಡಿದರು. ಹುಡುಗಿ ತನ್ನ ಚೀಲದಿಂದ ಕಿನ್ನಾಳದ ಮರದ ಗಿಣಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಈ ಹಸಿರು, ಈ ಗಿಣಿ, ಅರಿಷಿಣದ ಬಣ್ಣದ ಕಾರ್ಡಿನ ಮೇಲೆ ಬೇಕು ಎಂದಳು. ಮಖಮಲ್ಲು ಮಸಿಯನ್ನು ಕುಡಿಯುತ್ತದೆ, ಸಣ್ಣ ಒತ್ತಕ್ಷರಗಳು ತುಂಬಿಕೊಂಡು ಕುರುಡಾಗುತ್ತವೆ, ಆದ್ದರಿಂದ ಹುಡುಗಿಯ ಆಯ್ಕೆಯೇ ಸರಿ ಎಂದು ನಾನು ಹೇಳಿದೆ. ಕಾಕಾ ನನ್ನನ್ನು ನೋಡಿದ ರೀತಿಯಲ್ಲೇ ನಮ್ಮ ಮುಂದಿನ ಸಂಬಂಧ ನಿಶ್ಚಯವಾಯಿತು.

ಹೊಂದಿಕೆಯೆಂಬುದು ಗಿರಾಕಿಗಳು ತಿಳಿದಷ್ಟು ಸುಲಭವಲ್ಲ. ಒಂದೇ ಡಬ್ಬಿಯ ಹಸಿರು ಕಾಗದದ ಮೇಲೆ ಒಂದು ಥರ ಕೂರುತ್ತದೆ, ಚೀಲದ ಬಟ್ಟೆಯ ಮೇಲೆ ಇನ್ನೊಂದು ಥರ. ಹಳದಿ ಕಾಗದದ ಮೇಲೆ ಹಸಿರು ಮೂಲದಲ್ಲೇ ಮಾಸುತ್ತದೆ. ಮೂರು ದಿನ ನಾವು ಮಸಿ ಬೆರೆಸಿ, ತುಣುಕುಗಳ ಮೇಲೆ ಒತ್ತಿ, ಒಣಗಿಸಿ, ಆ ಮರದ ಗಿಣಿಯ ಪಕ್ಕದಲ್ಲಿಟ್ಟು ನೋಡಿದೆವು. ಶಿವಕಾಶಿಯಿಂದ ಬಂದ ಖಾಲಿ ಕಾರ್ಡುಗಳು ಮಾದರಿಗಿಂತ ತಿಳಿಯಾಗಿದ್ದವು. ಕಾಕಾ ಅಂಗಡಿಯಲ್ಲಿ ನಿಂತು ಕೂಗಾಡಿದರು. ಮೋಸ ಕಾರ್ಡಿನದಲ್ಲ, ಮಾದರಿಯ ಪುಸ್ತಕವೇ ಎರಡು ವರ್ಷ ಬಾಗಿಲ ಬಳಿ ಧೂಳು ತಿಂದು ಕಪ್ಪಾಗಿದೆ ಎಂದು ನಾನು ಪುಸ್ತಕದ ಒಳಹಾಳೆ ತೆರೆದು ತೋರಿಸಿದೆ. ಹುಡುಗಿ ತಿಳಿ ಹಳದಿಯನ್ನೇ ಒಪ್ಪಿಕೊಂಡಳು. ಅಲ್ಲಿಗೆ ಬಣ್ಣದ ಕೆಲಸ ಮುಗಿಯಿತು, ಅಕ್ಷರದ ಕೆಲಸ ಶುರುವಾಯಿತು.

ಕಾಕಾ ಬರೆದು ತಂದ ಒಕ್ಕಣೆಯಲ್ಲಿ ವಧುವಿನ ತಂದೆಯ ಹೆಸರಿಗೆ ಮೊದಲು ‘ದಿ.’ ಎಂದಿತ್ತು. ದಿವಂಗತ.

ಈ ಅಕ್ಷರದ ವಿಷಯದಲ್ಲಿ ನನಗೊಂದು ನಿಯಮವಿದೆ, ಮತ್ತು ಅದು ನನ್ನದೇ ತಪ್ಪಿನಿಂದ ಹುಟ್ಟಿದ್ದು. ನಾನು ಸಾಲೆ ಕಲಿತದ್ದು ಎರಡನೆಯ ಇಯತ್ತೆಯವರೆಗೆ. ಈಗಿನ ಮಾಲೀಕನ ತಂದೆ ನಡೆಸುತ್ತಿದ್ದ ಪ್ರೆಸ್ಸಿನಲ್ಲಿ ಹಾಳೆ ಮಡಚಲು ಸೇರಿ, ಸೀಸದ ಮೊಳೆಗಳ ಮೇಲಿನ ತಿರುವುಮುರುವಾದ ಅಕ್ಷರಗಳಿಂದ ಓದು ಕಲಿತೆ. ಆಗ ಲಗ್ನಪತ್ರಿಕೆಯ ಒಕ್ಕಣೆಯನ್ನು ಮೊಳೆಗಳಲ್ಲಿ ಒಮ್ಮೆ ಜೋಡಿಸಿಟ್ಟು, ಮದುವೆಯಿಂದ ಮದುವೆಗೆ ಹೆಸರುಗಳನ್ನಷ್ಟೇ ಬದಲಿಸುತ್ತಿದ್ದೆವು. ಹಾಗೆ ಬದಲಿಸುವಾಗ ಹಿಂದಿನ ಪತ್ರಿಕೆಯ ‘ದಿ.’ ಒಮ್ಮೆ ಅಲ್ಲಿಯೇ ಉಳಿಯಿತು. ಒಬ್ಬ ವರನ ತಂದೆ ತನ್ನ ಮಗನ ಪತ್ರಿಕೆ ಹಿಡಿದು ಪ್ರೆಸ್ಸಿಗೆ ಬಂದು, ಬೆಂಚಿನ ಮೇಲೆ ಕೂತು, ಶಾಂತವಾಗಿ ಕೇಳಿದ: “ನಾ ಯಾವತ್ತ ಹ್ವಾದೆ ಅಂತ ತಿಥಿ ಹೇಳ್ರೆವಾ, ವರ್ಷಾ ವರ್ಷಾ ಎಡಿ ಇಡಸಬೇಕಲ್ಲ.” ಅಂದಿನಿಂದ, ಯಾವ ಹೆಸರಿಗೆ ‘ದಿ.’ ಹಚ್ಚಬೇಕಾದರೂ ಸತ್ತವರ ಹೆಂಡತಿಯದೋ ಗಂಡನದೋ ಮಕ್ಕಳದೋ ಸಹಿ ಇಲ್ಲದೆ ಪ್ರೂಫ್ ಬಿಡುವುದಿಲ್ಲ.

ಕಾಕಾ ಸಹಿಗೆ ಪೆನ್ನು ತೆಗೆದರು. ನಿಮ್ಮದು ನಡೆಯುವುದಿಲ್ಲ ಎಂದೆ.

“ನಾ ಅವನ ಖಾಸ ತಮ್ಮ. ನನಗಿಂತ ಹತ್ತಿರದವರು ಯಾರದಾರ?”

“ಅವರ ಹೆಂಡತಿ ಅದಾರಲ್ಲರಿ.”

“ಆಕಿ ಒಪ್ಪೂದಿಲ್ಲ.”

“ಗಂಡ ಸತ್ತದ್ದನ್ನ ಹೆಂಡತಿ ಒಪ್ಪೂದಿಲ್ಲ ಅಂದ್ರ, ಸತ್ತದ್ದನ್ನ ನೋಡಿದವರು ಯಾರು?”

ಆಗ ಹೊರಬಿದ್ದ ಸಂಗತಿ ಇಷ್ಟು. ಆ ಮನುಷ್ಯ ಒಂಬತ್ತು ವರ್ಷಗಳ ಹಿಂದೆ ಕಟ್ಟಡದ ಕೆಲಸಕ್ಕೆಂದು ಗೋವೆಗೆ ಹೋಗಿದ್ದ. ಮೊದಲ ವರ್ಷ ಫೋನು ಬಂತು, ನಂತರ ನಿಂತಿತು. ಜೊತೆಗೆ ಹೋಗಿದ್ದ ಯಲಬುರ್ಗಾದ ಗೌಂಡಿಯೊಬ್ಬ ಮರಳಿ ಬಂದು, ಅವನು ಕಟ್ಟಡದಿಂದ ಬಿದ್ದು ಸತ್ತನೆಂಬ ಸುದ್ದಿ ತಂದ. ಹೆಣ ಬರಲಿಲ್ಲ, ಕಾಗದ ಬರಲಿಲ್ಲ, ಕಾರ್ಯ ಮಾಡಲಿಲ್ಲ. ಹೆಂಡತಿ ತಾಳಿ ತೆಗೆಯಲಿಲ್ಲ. ಊರು ಎಂಟು ವರ್ಷ ಅದನ್ನು ಸಹಿಸಿಕೊಂಡಿತ್ತು. ಈಗ ಬೀಗರು ಹುಡುಗಿಯ ತಂದೆ ಎಲ್ಲಿ ಎಂದು ಕೇಳಿದ್ದರು. ಬಿಟ್ಟುಹೋದ ಅಪ್ಪನಿಗಿಂತ ಸತ್ತ ಅಪ್ಪ ಮರ್ಯಾದೆಯವನು. ಕಾಕಾ ಮರ್ಯಾದೆಯ ಉತ್ತರ ಕೊಟ್ಟಿದ್ದರು.

ಆ ಉತ್ತರ ಪತ್ರಿಕೆಯಲ್ಲಿ ಅಚ್ಚಾದರೆ ಆಗುವುದೇನೆಂದು ನಮ್ಮ ಕಡೆಯ ಯಾವ ಹೆಂಗಸಿಗೂ ವಿವರಿಸಬೇಕಿಲ್ಲ. ಪತ್ರಿಕೆ ಊರೂರಿಗೆ ಹೋಗುತ್ತದೆ. ಆಮೇಲೆ ತಾಳಿ ಕಟ್ಟಿಕೊಂಡು ತಿರುಗುವುದು ಸಾಧ್ಯವಿಲ್ಲ. ಮದುವೆಗೆ ಮೊದಲೇ ನಾಲ್ಕು ಹಿರಿಯ ಹೆಂಗಸರು ಬಂದು ತೆಗೆಸುತ್ತಾರೆ. ಅರಿಷಿಣದ ದಿನ ಐದು ಮಂದಿ ಮುತ್ತೈದೆಯರು ಮದುಮಗಳಿಗೆ ಅರಿಷಿಣ ಹಚ್ಚುವಾಗ ಹೆತ್ತವಳು ಬಾಗಿಲಾಚೆ ನಿಲ್ಲಬೇಕು. ನಾನು ನಿಂತಿದ್ದೇನೆ. ನನ್ನ ಮಗಳ ಅರಿಷಿಣವನ್ನು ನಾನು ನೋಡಿದ್ದು ಅಡುಗೆಮನೆಯ ಒಲೆಯ ಬದಿಯಿಂದ. ವಿಧವೆ ಮುಟ್ಟಬಾರದೆಂದು ಎಲ್ಲಿ ಬರೆದಿದೆಯೆಂದು ಆಗಿನಿಂದ ಹುಡುಕುತ್ತಿದ್ದೇನೆ. ಕೇಳಿದವರೆಲ್ಲ ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ, ಪುಟ ತೋರಿಸಿದವರಿಲ್ಲ. ಆ ಆಚಾರದ ಜೊತೆಗೇ ಜಗಳವಾಡುವುದು ನನಗೆ ಹೆಚ್ಚು ಇಷ್ಟವಾಗುತ್ತಿತ್ತು. ಆದರೆ ನನ್ನ ಮುಂದಿದ್ದ ಪ್ರೂಫಿನಲ್ಲಿ ಆಚಾರ ಇರಲಿಲ್ಲ, ಅಕ್ಷರ ಇತ್ತು.

ಮಾಲೀಕ ನನ್ನನ್ನು ಒಳಗೆ ಕರೆದ. ಅವನು ನನ್ನ ಕೈಯಲ್ಲಿ ಬೆಳೆದವನು, ನನ್ನನ್ನು ಖಾಲಾ ಎನ್ನುತ್ತಾನೆ, ಚಿಕ್ಕಮ್ಮನಿಗೆ ಅವರ ಮನೆಯ ಮಾತು. “ಖಾಲಾ, ಐದು ಥರದ ಕೆಲಸ ಐತಿ. ಇವರು ಗಂಗಾವತಿಗೆ ಹೋದ್ರ ಬರೇ ಖಾಲಿ ಹಳದಿ ಕಾರ್ಡು ಇಟಗೊಂಡು ನಾವೇನು ಮಾಡೋಣು? ಗಿರಾಕಿ ಬರೆದದ್ದ ನಾವು ಹಾಕೂದು. ಅದರಾಗಿನ ಸುಳ್ಳಿಗೆ ನಮಗೇನು ಸಂಬಂಧ?” ಅವನ ಮಾತು ವ್ಯಾಪಾರದ ದೃಷ್ಟಿಯಿಂದ ಸರಿಯಾಗಿತ್ತು. ಎರಡು ದಿನ ಕೊಡು ಎಂದೆ. ಹೊರಗೆ ಬಂದಾಗ ಹುಡುಗಿ ನನ್ನನ್ನು ತಡೆದು ನಿಂತಳು. ಅವಳು ನನ್ನ ಪಕ್ಷ ವಹಿಸುತ್ತಾಳೆಂದು ನಾನು ತಿಳಿದಿದ್ದೆ.

“ಆಯಿ, ಇದು ನನ್ನ ಮದುವಿ. ನಿಮ್ಮ ಪರೀಕ್ಷಾ ಅಲ್ಲ,” ಎಂದಳು.

ರವಿವಾರ ನಾನು ಬಸ್ಸು ಹತ್ತಿ ಯಲಬುರ್ಗಾಕ್ಕೆ ಹೋದೆ. ಗೌಂಡಿಯನ್ನು ಹುಡುಕಲು ಅರ್ಧ ದಿನ ಹಿಡಿಯಿತು. ಹೊಸ ಮನೆಯೊಂದರ ಗೋಡೆಗೆ ಗಿಲಾವು ಮಾಡುತ್ತಿದ್ದ. ಕೈಯ ಕರಣಿ ನಿಲ್ಲಿಸದೆ ನನ್ನ ಪ್ರಶ್ನೆ ಕೇಳಿಸಿಕೊಂಡ. ನೀನು ಹೆಣ ನೋಡಿದೆಯಾ? ಇಲ್ಲ. ಬಿದ್ದದ್ದನ್ನು ನೋಡಿದೆಯಾ? ಇಲ್ಲ. ಬಿದ್ದವನು ಇವನೇ ಎಂದು ಯಾರು ಹೇಳಿದರು? ಬೇರೆ ಕಟ್ಟಡದಲ್ಲಿ ಒಬ್ಬ ಬಿದ್ದನೆಂದು, ಅವನು ಕೊಪ್ಪಳದ ಕಡೆಯವನೆಂದು, ಚಹಾದ ಅಂಗಡಿಯಲ್ಲಿ ಯಾರೋ ಮಾತಾಡಿಕೊಂಡಿದ್ದರು. ಅದೇ ವಾರದಿಂದ ಇವನು ಕಾಣಲಿಲ್ಲ. ಹಾಗಾದರೆ ಸತ್ತನೆಂದು ಹೇಗೆ ಹೇಳಿದೆ ಎಂದಾಗ ಮಾತ್ರ ಅವನ ಕೈ ನಿಂತಿತು.

“ನಾ ಬಿದ್ನಂತ ಅಂದಿದ್ದೆರಿ. ಸತ್ತ ಅಂದಿಲ್ಲ. ‘ಅಂತ’ ಅನ್ನೂದನ್ನ ಅವರು ಬಿಟ್ಟಾರ.”

ನನ್ನ ಜೀವಮಾನದಲ್ಲಿ ನಾನು ತಿದ್ದಿದ ಯಾವ ತಪ್ಪೂ ಇಷ್ಟು ಚಿಕ್ಕದಾಗಿರಲಿಲ್ಲ. ‘ಬಿದ್ದನಂತೆ’ ಎಂಬ ಮಾತಿನಿಂದ ‘ಅಂತೆ’ ಉದುರಿತು. ‘ಬಿದ್ದ’ ಎಂಬುದು ಎರಡನೆಯ ಬಾಯಿಯಲ್ಲಿ ‘ಸತ್ತ’ ಆಯಿತು. ಮೂರನೆಯ ಕೈಯಲ್ಲಿ ‘ದಿ.’ ಎಂದು ಬರಹಕ್ಕಿಳಿಯಿತು. ಆದರೆ ಮರಳಿ ಬರುವ ಬಸ್ಸಿನಲ್ಲಿ ನನಗೆ ಇನ್ನೊಂದು ತೊಡಕು ಕಾಣಿಸಿತು. ಸತ್ತನೆನ್ನಲು ಆಧಾರವಿಲ್ಲವೆಂದ ಮಾತ್ರಕ್ಕೆ ಬದುಕಿದ್ದಾನೆನ್ನಲು ಆಧಾರ ಸಿಕ್ಕಂತಾಗಲಿಲ್ಲ. ಒಂಬತ್ತು ವರ್ಷ ಸುಮ್ಮನಿರುವ ಮನುಷ್ಯನ ಹೆಸರಿಗೆ ಮೊದಲು ‘ಶ್ರೀ’ ಎಂದು ಹಾಕುವುದೂ ನನ್ನ ಪಾಲಿಗೆ ಸಾಕ್ಷಿಯಿಲ್ಲದ ಹೇಳಿಕೆಯೇ.

ಸೋಮವಾರ ಅಂಗಡಿಗೆ ಹೋದಾಗ ಒಣಗಿಸುವ ಹಲಗೆಗಳ ಮೇಲೆ ನಲವತ್ತು ಪತ್ರಿಕೆಗಳಿದ್ದವು. ಗಿಣಿ ಚೆನ್ನಾಗಿ ಮೂಡಿತ್ತು. ‘ದಿ.’ ಕೂಡ ಚೆನ್ನಾಗಿ ಮೂಡಿತ್ತು. ನಾನು ಇಲ್ಲದ ದಿನ ಕಾಕಾ ಬಂದು ಸಹಿ ಮಾಡಿದ್ದರು, ಮಾಲೀಕ ಮುದ್ರಣದ ಜಾಲರಿ ಚೌಕಟ್ಟು ತಯಾರಿಸಿ ಒತ್ತಲು ತೊಡಗಿದ್ದ. ಮಂಗಳವಾರ ಮೊದಲ ಪತ್ರಿಕೆಯನ್ನು ಹೇಮಗುಡ್ಡದ ದುರ್ಗಮ್ಮನ ಮುಂದೆ ಇಡಬೇಕಾಗಿತ್ತು, ಅದಕ್ಕೇ ಅವಸರ. ನಾನು ನಲವತ್ತನ್ನೂ ಎತ್ತಿ ಕತ್ತರಿಸುವ ಯಂತ್ರದ ಕೆಳಗಿಟ್ಟು ನಡುವೆ ಸೀಳಿದೆ. ಮಾಲೀಕ ತಲೆ ಹಿಡಿದುಕೊಂಡು ಕೂತ. ನಾಳೆಯಿಂದ ಬರಬೇಡ ಎನ್ನುವುದಿದ್ದರೆ ಈಗಲೇ ಹೇಳು, ಆದರೆ ಈ ಕೆಲಸ ಮುಗಿಸಿಯೇ ಹೋಗುವವಳು ಎಂದೆ. ಅವನು ನಮಾಜಿಗೆ ಎದ್ದು ಹೋದ. ಅವನು ಸಿಟ್ಟಾದಾಗ ಜಾಗ ಬಿಡುತ್ತಾನೆ, ಅದು ಅವನ ತಂದೆಯಿಂದ ಬಂದ ಗುಣ.

ಪಂಚಾಯಿತಿಗೆ ಫೋನು ಮಾಡಿ ಹುಡುಗಿಗೆ ಹೇಳಿದೆ: ನಿನ್ನ ತಾಯಿಯನ್ನು ಕರೆದುಕೊಂಡು ಬಾ, ಅವರು ಸಹಿ ಮಾಡಿದರೆ ಇವತ್ತೇ ಒತ್ತುತ್ತೇನೆ, ಇನ್ನೊಂದು ಮಾತಾಡುವುದಿಲ್ಲ. ಮಧ್ಯಾಹ್ನ ಇಬ್ಬರೂ ಬಂದರು. ತಾಯಿ ಎತ್ತರದ, ಗಟ್ಟಿ ಹೆಂಗಸು. ಕೈತುಂಬ ಹಸಿರು ಬಳೆ, ಹಣೆಯ ಮೇಲೆ ಕಾಸಿನಗಲ ಕುಂಕುಮ. ಒಕ್ಕಣೆಯನ್ನು ಮಗಳು ಓದಿ ಹೇಳಿದಳು. ‘ದಿವಂಗತ’ ಎಂಬ ಮಾತಿಗೆ ಬಂದಾಗ ಅವಳ ದನಿ ಇಳಿಯಿತು. ತಾಯಿ ಮುಖ ಬದಲಿಸಲಿಲ್ಲ. ಗೌಂಡಿ ಹೇಳಿದ್ದನ್ನು ನಾನು ಇದ್ದದ್ದು ಇದ್ದಂತೆ ಹೇಳಿದೆ, ಏನೂ ಸೇರಿಸಲಿಲ್ಲ. ಆಸೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ ಎಂದೂ ಹೇಳಿದೆ.

“ಆಸೆ ಏನಿಲ್ಲರಿ ಯವ್ವಾ,” ಎಂದರು ಆಕೆ. “ಇದ್ದಾನೋ ಇಲ್ಲೋ ನನಗ ಗೊತ್ತಿಲ್ಲ. ಇದ್ರ ಬೈಯಬೇಕು, ಸತ್ರ ಅಳಬೇಕು. ಎರಡೂ ಮಾಡಾಕ ಬರವಲ್ದು. ಗೊತ್ತಿಲ್ಲ ಅಂತ ಅಚ್ಚ ಹಾಕಾಕ ಬರತೈತೇನು?”

ಮಗಳು ಅವರ ಕೈ ಅದುಮಿದಳು, ಬೀಗರು ಏನೆಂದಾರು ಎಂದಳು. ತಾಯಿ ಕೈ ಬಿಡಿಸಿಕೊಂಡರು. ಹುಡುಗಿ ಸೀಳಿದ ಕಾರ್ಡೊಂದರ ಎರಡು ಹೋಳುಗಳನ್ನು ಜೋಡಿಸಿಡುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: “ನಮ್ಮ ಪಂಚಾಯಿತಿ ಕಂಪ್ಯೂಟರದಾಗ ಅಪ್ಪ ಇನ್ನೂ ಅದಾನ. ಕಾಗದ ಇಲ್ಲದ ಯಾರನ್ನೂ ಸಾಯಿಸಾಕ ಅದು ಬಿಡೂದಿಲ್ಲ. ಅವ್ವನ ಹೆಸರು, ಮುಂದ ಗಂಡ ಅಂತ, ಅದರ ಮುಂದ ಅಪ್ಪನ ಹೆಸರು. ಅಷ್ಟ ಐತಿ.”

ಅವಳು ಹೇಳಿದ್ದು ರೇಷನ್ ಕಾರ್ಡಿನಿಂದ ಪಹಣಿಯವರೆಗೆ ನಮ್ಮ ಸೀಮೆಯ ಎಲ್ಲ ಕಾಗದಗಳಲ್ಲಿ ಹೆಂಗಸರ ಹೆಸರು ಬರೆಯುವ ಪದ್ಧತಿ. ಇಂಥವಳು, ಗಂಡ ಇಂಥವನು. ಅಲ್ಲಿ ಗಂಡನ ಹೆಸರಿಗೆ ಶ್ರೀ ಇರುವುದಿಲ್ಲ. ಲಗ್ನಪತ್ರಿಕೆಯಲ್ಲಿ ಮಾತ್ರ ಬರಿಯ ಹೆಸರು ಅಪರಾಧ. ತೊಟ್ಟಿಲ ಕೂಸಿಗೂ ಅಲ್ಲಿ ‘ಚಿ.’ ಹಚ್ಚುತ್ತೇವೆ. ನಾನು ನಿರ್ಧಾರ ಮಾಡಿದ್ದು ಆಗ. ಪತ್ರಿಕೆ ತಾಯಿಯ ಹೆಸರಿನಿಂದ ಹೊರಡಲಿ: ಶ್ರೀಮತಿ ಇಂಥವರು, ಗಂಡ, ಅದಾದ ಮೇಲೆ ಒಂದಕ್ಷರದ ಖಾಲಿ ಜಾಗ, ಅದಾದ ಮೇಲೆ ಅವನ ಹೆಸರು. ಧಾರೆಯೆರೆಯುವವರ ಸಾಲಿನಲ್ಲಿ ಕಾಕಾ ಮತ್ತು ಅವರ ಹೆಂಡತಿಯ ಹೆಸರು ಇದ್ದಂತೆಯೇ ಇರಲಿ. ಓದಿದವರು ಅದನ್ನು ಅಚ್ಚಿನ ತಪ್ಪೆಂದುಕೊಳ್ಳುತ್ತಾರೆ. ಆ ಹಳೆಯ ‘ದಿ.’ ನಂತರ ನನ್ನ ಕೈಯಿಂದ ಒಂದು ತಪ್ಪೂ ಹೊರಗೆ ಹೋಗಿಲ್ಲವೆಂದು ನಾನು ಹೇಳಿಕೊಂಡು ತಿರುಗಿದವಳು. ಇದು ನನ್ನ ತಪ್ಪೆಂದೇ ನಾಲ್ಕು ತಾಲೂಕಿಗೆ ಹಂಚಿಹೋಗುತ್ತದೆ. ಹೋಗಲಿ ಎಂದುಕೊಂಡೆ. ತಾಯಿ ಪ್ರೂಫಿನ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಖಾಲಿ ಜಾಗ ಬಿಡುವುದು ಅಕ್ಷರ ಹಾಕುವುದಕ್ಕಿಂತ ಕಷ್ಟದ್ದೆಂದು ಅಂದು ಗೊತ್ತಾಯಿತು. ಸೀಸದ ಕಾಲದಲ್ಲಿ ಮುಖವಿಲ್ಲದ ಮೊಳೆಯೊಂದನ್ನು ನಡುವೆ ಇಟ್ಟರೆ ಮುಗಿಯುತ್ತಿತ್ತು. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹುಡುಗಿ ಮೊದಲ ಸಲ, ನಾನು ಹೇಳಿದ್ದೇ ತಪ್ಪೆಂದು ತಿಳಿದು ಜಾಗವನ್ನು ಮುಚ್ಚಿದಳು. ಎರಡನೆಯ ಸಲ ಬಿಟ್ಟಳು, ಆದರೆ ಸಾಲನ್ನು ನಡುಮಧ್ಯಕ್ಕೆ ತರುವಾಗ ಅದು ತಾನೇ ಕುಗ್ಗಿತು. ಮೂರನೆಯ ಸಲ ಅಳತೆ ಸರಿಯಾಗಿ ಬಂತು. ಹೇಗೆ ಮಾಡಿದೆ ಎಂದು ಕೇಳಿದೆ. ಅಲ್ಲಿ ‘ಶ್ರೀ’ ಎಂದು ಬರೆದು ಬಿಳಿ ಬಣ್ಣ ಕೊಟ್ಟಿದ್ದೇನೆ, ಅಚ್ಚಿನಲ್ಲಿ ಕಾಣುವುದಿಲ್ಲ ಎಂದಳು. ಅಳಿಸು ಎಂದೆ. ಕಾಣದಿದ್ದರೂ ಅದು ಶ್ರೀಯೇ. ಅವಳು ನನ್ನನ್ನು ಶಪಿಸುತ್ತಾ ಆ ಸಾಲನ್ನು ಎರಡು ತುಂಡು ಮಾಡಿ, ಎರಡನ್ನೂ ಬೇರೆ ಬೇರೆ ಇಟ್ಟು ಕೂಡಿಸಿದಳು. ಮಾಲೀಕ ಮರಳಿ ಬಂದವನು ಸಹಿಯನ್ನು ನೋಡಿ, ತಾನೇ ಹೊಸ ಚೌಕಟ್ಟು ತಯಾರಿಸಿದ. ಸಂಜೆಯೊಳಗೆ ಮೊದಲ ನೂರು ಒಣಗಿದವು.

ಮಂಗಳವಾರ ಮುಂಜಾನೆ ಕಾಕಾ ಬಂದರು. ಪತ್ರಿಕೆ ತೆರೆದು ಓದಿದರು. ಖಾಲಿ ಜಾಗದ ಮೇಲೆ ಬೆರಳಿಟ್ಟರು.

“ಇದೇನ್ರಿ ಅಮ್ಮಾರ? ಇಲ್ಲೇನು ಹಲ್ಲು ಉದುರೈತೇನು?”

“ನಿಮಗ ಜಾಗ ಬಿಟ್ಟೀನ್ರಿ.”

“ನನಗ?”

ನಾನು ನನ್ನ ಪೆನ್ನಿನ ಟೊಪ್ಪಿಗೆ ತೆಗೆದು ಅವರ ಮುಂದಿಟ್ಟೆ. ಅಚ್ಚಿನ ಹಸಿರಿಗೆ ಹೊಂದುವ ಪೆನ್ನಿನ ಮಸಿಯನ್ನು ಅದರಲ್ಲಿ ತುಂಬಿದ್ದೆ. “ಅಣ್ಣ ಸತ್ತದ್ದು ನಿಮಗ ಖರೇ ಗೊತ್ತಿದ್ರ, ಆ ಜಾಗದಾಗ ನಿಮ್ಮ ಕೈಯಾರೆ ಬರೀರಿ. ಒಂದ ಅಕ್ಷರ. ಇದು ದುರ್ಗಮ್ಮಗ ಹೋಗೂ ಪತ್ರಿಕೆ, ಇದರ ಮ್ಯಾಲೆ ಮೊದಲ ಬರೀರಿ. ನೀವು ಬರದ್ರ ಉಳಿದದ್ದರ ಮ್ಯಾಲೆಲ್ಲಾ ನಾನ ಅಚ್ಚ ಹಾಕಿ ಕೊಡತೀನಿ. ಅತ್ತಿಗಿ ಸಹಿ ಕೇಳೂದಿಲ್ಲ.”

ಇದು ಜೂಜಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆ ಮಾತು ನನ್ನ ನಿಯಮಕ್ಕೂ ವಿರುದ್ಧವಾಗಿತ್ತು, ತಾಯಿಯ ಸಹಿಗೂ ದ್ರೋಹವಾಗುತ್ತಿತ್ತು. ಅವರು ಬರೆದಿದ್ದರೆ ಕೊಟ್ಟ ಮಾತಿನಂತೆ ನಾನು ಒತ್ತಲೇಬೇಕಾಗುತ್ತಿತ್ತು. ಕಾಕಾ ಪೆನ್ನು ತೆಗೆದುಕೊಂಡರು. ಮೊನೆಯನ್ನು ಆ ಜಾಗದ ಮೇಲೆ ತಂದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅಣ್ಣನ ಮಗಳನ್ನು ಓದಿಸಿದವರು, ಗಂಡು ಹುಡುಕಿದವರು ಅವರೇ. ಎಂಟು ವರ್ಷ ಬಾಯಲ್ಲಿ ನೂರು ಸಲ ಹೇಳಿದ ಮಾತನ್ನು ದೇವಿಯ ಹೆಸರಿನ ಕೆಳಗೆ ಕೈಯಿಂದ ಬರೆಯುವಾಗ ಏನಾಗುತ್ತದೆಂದು ಅವರಿಗೂ ಆಗಲೇ ತಿಳಿದಿರಬೇಕು. ಮಸಿಯ ಹನಿಯೊಂದು ಮೊನೆಯಲ್ಲಿ ದಪ್ಪವಾಯಿತು. ಅದು ಬೀಳುವ ಮೊದಲೇ ಅವರು ಪೆನ್ನನ್ನು ಮೇಜಿನ ಮೇಲೆ ಎಸೆದರು.

“ನಿಮ್ಮ ಮನಿ ಹಾಳಾಗಲಿ,” ಎಂದರು, ಪತ್ರಿಕೆಗಳ ಗಂಟನ್ನು ಬಗಲಿಗೆ ಹಾಕಿಕೊಂಡರು, ಹೋದರು.

ನಂತರದ ದಿನಗಳಲ್ಲಿ ಏನಾಗಬೇಕಿತ್ತೋ ಅದೇ ಆಯಿತು. ಗಂಗಾವತಿಯಿಂದ ವರನ ಸೋದರಮಾವ ಫೋನು ಮಾಡಿ, ಇಂಥ ಚೆಂದದ ಪತ್ರಿಕೆಯಲ್ಲಿ ಇಂಥ ತಪ್ಪು ಬಿಟ್ಟಿದ್ದೀರಿ, ಪ್ರೂಫ್ ನೋಡಿದವರಿಗೆ ಕಣ್ಣಿಲ್ಲವೇ ಎಂದು ಕೇಳಿದ. ವಯಸ್ಸಾಗಿದೆ ಎಂದೆ. ಅಲ್ಲಿ ಯಾವ ಅಕ್ಷರ ಇರಬೇಕಾಗಿತ್ತು ಹೇಳಿ, ಬರೆದಿಟ್ಟುಕೊಳ್ಳುತ್ತೇನೆ ಎಂದೂ ಕೇಳಿದೆ. ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆಂದು ಫೋನು ಇಟ್ಟ. ಮತ್ತೆ ಮಾಡಲಿಲ್ಲ. ಬೇರೆ ಅಂಗಡಿಯವರು ಆ ಪತ್ರಿಕೆಯನ್ನು ತಮ್ಮ ಗಿರಾಕಿಗಳಿಗೆ ತೋರಿಸಿ ನಕ್ಕರೆಂದು ಮಾಲೀಕ ಹೇಳಿದ. ಆ ಹಂಗಾಮಿನಲ್ಲಿ ಎರಡು ಕುಟುಂಬಗಳು ಕೆಲಸ ಕೊಡುವ ಮೊದಲು, ಪ್ರೂಫ್ ನೋಡುವವರು ಆ ಮುದುಕಿಯೇ ಏನು ಎಂದು ಕೇಳಿದವು.

ಮದುವೆಗೆ ನಾನು ಹೋಗಲಿಲ್ಲ. ಅದಾಗಿ ನಾಲ್ಕನೆಯ ದಿನ ತಾಯಿ ಅಂಗಡಿಗೆ ಬಂದರು, ತಾಂಬೂಲದ ಚೀಲಗಳು ಮೂವತ್ತು ಕಡಿಮೆ ಬಂದವೆಂದು ಜಗಳವಾಡಲು. ಎಣಿಸಿ ಕಟ್ಟಿದ್ದು ನಾನೇ. ಕಡಿಮೆ ಬಂದಿರಲಿಲ್ಲ, ಬೀಗರು ಮೊದಲೇ ಒಂದು ಕಟ್ಟು ಒಯ್ದಿದ್ದರು. ಆ ಮಾತು ಬಗೆಹರಿಯುವ ತನಕ ಇಬ್ಬರೂ ದನಿ ಎತ್ತರಿಸಿದೆವು. ಆಮೇಲೆ ನಾನು ಅರಿಷಿಣದ ದಿನ ಏನಾಯಿತೆಂದು ಕೇಳಿದೆ. ಯಾರೂ ಕರೆಯಲಿಲ್ಲವಂತೆ. ಐದನೆಯವಳು ಹಚ್ಚಿ ಮುಗಿಸಿದ ಮೇಲೆ ತಾವೇ ಎದ್ದು ಹೋಗಿ, ಬಟ್ಟಲಿಗೆ ಎರಡೂ ಕೈ ಅದ್ದಿ, ಮಗಳ ಕೆನ್ನೆಗೆ, ಕೊರಳಿಗೆ, ಪಾದಕ್ಕೆ ಹಚ್ಚಿದರಂತೆ. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

“ಯಾರೂ ತಡೀಲಿಲ್ಲೇನು?”

“ತಡೀಬೇಕಂದ್ರ ಅವರಿಗೂ ಖಾತ್ರಿ ಇರಬೇಕಲ್ರಿ,” ಎಂದರು.